ಮಗು ಸುಮ್ನೆ ಕೂತಿದೆ ಅಂದರೆ ಕಲಿಯುತ್ತಿದೆ ಅಂತಲ್ಲ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಎಳೆ ಮಕ್ಕಳಿಗೆ ತೋರಿಸುವ ಕಲಿಕೆ ವಿಡಿಯೊಗಳ ಬಗ್ಗೆ ಅಪ್ಪ ಅಮ್ಮಂದಿರ ಅಭಿಪ್ರಾಯ ಹಾಕಿದ್ದಿರಿ. ಓದುತ್ತಾ ನಗು ಬಂತು, ಜೊತೆಗೆ ಒಂಚೂರು ನಾಚಿಕೆಯೂ ಆಯಿತು. ಅಲ್ಲಿರುವ ಮಾತುಗಳನ್ನೆಲ್ಲ ಆರು ವರ್ಷದ ಹಿಂದೆ ನಾನೇ ಆಡಿದ್ದೆ. ಒಂಬತ್ತು ತಿಂಗಳಿಗೇ ಬಣ್ಣ ಗುರುತು ಹಿಡಿಯುತ್ತಾಳೆ, ವಿಡಿಯೊ ಹಾಕಿದರೆ ರೆಪ್ಪೆ ಕೂಡ ಮಿಟುಕಿಸೋದಿಲ್ಲ, ಎಷ್ಟು ಏಕಾಗ್ರತೆ ನೋಡಿ, ಇದೇನು ಕಾರ್ಟೂನ್ ಅಲ್ಲ ಪಾಠ, ಹೀಗೆ. ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ದೊಡ್ಡವಳಿಗೆ ಆಗ 13 ತಿಂಗಳು. ಅವಳ ವಿಡಿಯೊದಲ್ಲಿ ಒಂದು ಕೆಂಪು ಚೆಂಡು ಪುಟಿಯುತ್ತಾ ಬರುತ್ತಿತ್ತು, ಹಿಂದಿನಿಂದ ಒಂದು ಹೆಣ್ಣು ದನಿ "ಚೆಂಡು" ಅನ್ನುತ್ತಿತ್ತು, ಇವಳು "ಚೆಂ" ಅನ್ನುತ್ತಿದ್ದಳು. ಅದನ್ನು ಮೊಬೈಲಿನಲ್ಲಿ ಹಿಡಿದು ಬಂಧುಬಳಗಕ್ಕೆಲ್ಲ ಕಳಿಸಿದ್ದೆ. ಒಂದು ದಿನ ಮನೆಗೆ ಬಂದ ನಾದಿನಿ, ನೆಲದ ಮೇಲಿದ್ದ ಚೆಂಡಿನ ಪಕ್ಕದಲ್ಲೇ ಇವಳನ್ನು ಕೂರಿಸಿ, "ಎಲ್ಲಿ ಪುಟ್ಟಿ, ಚೆಂಡು ಎಲ್ಲಿ?" ಅಂತ ಕೇಳಿದಳು. ಮಗು ತಿರುಗಿ ಟಿವಿ ನೋಡಿತು. ಟಿವಿ ಆಫ್ ಆಗಿತ್ತು. ಚೆಂಡು ಅವಳ ಮೊಣಕಾಲಿಗೆ ತಾಗಿಕೊಂಡೇ ಇತ್ತು.

ನಾದಿನಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದೆ. 2010ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ಒಂದರಿಂದ ಒಂದೂವರೆ ವರ್ಷದ ಮಕ್ಕಳು. ಪದ ಕಲಿಸುತ್ತೇವೆ ಅನ್ನುವ ಒಂದು ಜನಪ್ರಿಯ ವಿಡಿಯೊ. ಕೆಲವು ಮಕ್ಕಳು ಅದನ್ನು ತಾವೇ ನೋಡಿದರು, ಕೆಲವರು ಅಪ್ಪ ಅಮ್ಮನ ಜೊತೆ ಕೂತು ನೋಡಿದರು. ಇನ್ನು ಕೆಲವರ ಮನೆಯಲ್ಲಿ ವಿಡಿಯೊನೇ ಇಲ್ಲ, ಅದರಲ್ಲಿರುವ ಪದಗಳ ಪಟ್ಟಿ ಕೊಟ್ಟು ನಿಮಗೆ ಹೇಗೆ ಬೇಕೋ ಹಾಗೆ ಹೇಳಿಕೊಡಿ ಅಂದರು. ನಾಲ್ಕನೇ ಗುಂಪಿಗೆ ಏನೂ ಇಲ್ಲ. ನಾಲ್ಕು ವಾರ ಬಿಟ್ಟು ಪರೀಕ್ಷೆ ಮಾಡಿದರೆ, ವಿಡಿಯೊ ನೋಡಿದ ಮಕ್ಕಳಿಗೂ ಏನೂ ನೋಡದ ಮಕ್ಕಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಹೆಚ್ಚು ಪದ ಕಲಿತವರು ಬರೀ ಪಟ್ಟಿ ಸಿಕ್ಕಿದ ಮನೆಯವರು.

ಆದರೆ ನನಗೆ ನಾಟಿದ್ದು ಅದಲ್ಲ. ಮಗು ಎಷ್ಟು ಕಲಿತಿದೆ ಅಂತ ಅಪ್ಪ ಅಮ್ಮಂದಿರನ್ನೂ ಕೇಳಿದ್ದರು. ಯಾರಿಗೆ ಆ ವಿಡಿಯೊ ತುಂಬಾ ಇಷ್ಟವಾಗಿತ್ತೋ ಅವರೇ ನಮ್ಮ ಮಗು ತುಂಬಾ ಕಲಿತಿದೆ ಅಂದರು. ಪರೀಕ್ಷೆಯಲ್ಲಿ ಹಾಗೇನೂ ಇರಲಿಲ್ಲ. ಇದು ನಾನೇ ಅಲ್ವಾ ಅನ್ನಿಸಿತು. ಚಿತ್ರ ಚೆನ್ನಾಗಿದೆ, ಸಂಗೀತ ಹಿತವಾಗಿದೆ, ದನಿ ಮೃದುವಾಗಿದೆ, ಎಲ್ಲ ನನಗೆ ಹಿಡಿಸಿತು. ನನಗೆ ಹಿಡಿಸಿದ್ದನ್ನು ಮಗು ಕಲಿತದ್ದರ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಅದಕ್ಕೇ ಕೇಳುತ್ತೇನೆ, ನಿಮ್ಮ ಪುಟದಲ್ಲಿ ಹತ್ತು ಜನ ಪೋಷಕರು ಉಪಯೋಗವಾಗಿದೆ ಅಂದರೆ ಅದರಿಂದ ನಮಗೆ ಏನು ಗೊತ್ತಾಯಿತು? ಅವರಿಗೆ ವಿಡಿಯೊ ಇಷ್ಟ ಅಂತ ಗೊತ್ತಾಯಿತು, ಅಷ್ಟೇ. ಅವರು ಸುಳ್ಳು ಹೇಳುತ್ತಿಲ್ಲ. ನಾನೂ ಹೇಳುತ್ತಿರಲಿಲ್ಲ. ಆ ವಯಸ್ಸಿನ ಮಗು ವಿಡಿಯೊ ಇದ್ದರೂ ಇಲ್ಲದಿದ್ದರೂ ವಾರಕ್ಕೊಂದು ಹೊಸ ಆಟ ಕಲಿಯುತ್ತಿರುತ್ತದೆ, ಪಕ್ಕದಲ್ಲಿ ಯಾವುದು ಓಡುತ್ತಿರುತ್ತದೋ ಹೆಸರು ಅದಕ್ಕೆ ಹೋಗುತ್ತದೆ.

ಈ ವ್ಯಾಪಾರದ ಕಥೆಯೂ ಹಾಗೇ ಶುರುವಾದದ್ದು. 1993ರಲ್ಲಿ ಒಂದು ಪ್ರಯೋಗ ನಡೆಯಿತು, ಮೊಜಾರ್ಟನ ಸಂಗೀತ ಕೇಳಿದ ಕಾಲೇಜು ಹುಡುಗರು ಕಾಗದ ಮಡಚಿದರೆ ಹೇಗೆ ಕಾಣುತ್ತದೆ ಅನ್ನುವಂಥ ಲೆಕ್ಕಗಳನ್ನು ಹತ್ತು ಹದಿನೈದು ನಿಮಿಷದ ಮಟ್ಟಿಗೆ ಸ್ವಲ್ಪ ಚೆನ್ನಾಗಿ ಮಾಡಿದರು ಅಂತ. ಕಾಲೇಜು ಹುಡುಗರು, ಹತ್ತು ಹದಿನೈದು ನಿಮಿಷ. ಅದು ಬಾಯಿಂದ ಬಾಯಿಗೆ ಹೋಗಿ ಹಸುಗೂಸುಗಳ ಬುದ್ಧಿ ಹೆಚ್ಚುತ್ತದೆ ಅಂತಾಯಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಕ್ಕಳಿಗೆಲ್ಲ ಸಂಗೀತದ ಸಿಡಿ ಕೊಡೋಣ ಅಂತ ಬಜೆಟ್‌ನಲ್ಲಿ ದುಡ್ಡು ಕೇಳಿದರು. ಅದೇ ರಾಜ್ಯದಲ್ಲಿ 1996ರಲ್ಲಿ ಒಬ್ಬ ತಾಯಿ ಮನೆಯಲ್ಲೇ ಶುರು ಮಾಡಿದ ಬೇಬಿ ಐನ್‌ಸ್ಟೈನ್ ಅನ್ನುವ ಮಕ್ಕಳ ವಿಡಿಯೊ ಕಂಪನಿಯನ್ನು 2001ರಲ್ಲಿ ಡಿಸ್ನಿ ಕೊಂಡುಕೊಂಡಿತು. ಈ ವಿಡಿಯೊಗಳ ಪ್ರಚಾರ ದಾರಿ ತಪ್ಪಿಸುತ್ತದೆ ಅಂತ 2006ರಲ್ಲಿ ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರು ಹೋಯಿತು, 2009ರಲ್ಲಿ ಕಂಪನಿ ಡಿವಿಡಿ ವಾಪಸು ಕೊಟ್ಟವರಿಗೆ ಹಣ ಕೊಡುತ್ತೇವೆ ಅಂದಿತು. ತಪ್ಪಾಯಿತು ಅಂತೇನೂ ಒಪ್ಪಿಕೊಳ್ಳಲಿಲ್ಲ, ಇದು ಗ್ರಾಹಕರ ತೃಪ್ತಿಗಾಗಿ ಅಂದಿತು. ಈಗ ಡಿವಿಡಿ ಹೋಗಿ ಮೊಬೈಲ್ ಬಂದಿದೆ, ವಾಪಸು ಕೊಡಲು ಕೈಯಲ್ಲಿ ಏನೂ ಇಲ್ಲ.

ವಿಡಿಯೊ ವಿಷ ಅಂತ ನಾನು ಹೇಳುತ್ತಿಲ್ಲ. 2007ರಲ್ಲಿ ಒಂದು ಅಧ್ಯಯನ ದೊಡ್ಡ ಸುದ್ದಿಯಾಯಿತು, 8ರಿಂದ 16 ತಿಂಗಳ ಮಕ್ಕಳು ದಿನಕ್ಕೆ ಒಂದು ಗಂಟೆ ಇಂಥ ವಿಡಿಯೊ ನೋಡಿದರೆ ಅವರಿಗೆ ಗೊತ್ತಿರುವ ಪದ 6ರಿಂದ 8 ಕಡಿಮೆ ಅಂತ. ಅದು ಪೋಷಕರಿಗೆ ಫೋನ್ ಮಾಡಿ ಕೇಳಿ ಹಾಕಿದ ಲೆಕ್ಕ. ವಿಡಿಯೊದಿಂದಲೇ ಹಾಗಾಯಿತು ಅಂತ ಅದು ಸಾಬೀತು ಮಾಡುವುದಿಲ್ಲ. ಅದೇ ಅಂಕಿಅಂಶಗಳನ್ನು 2014ರಲ್ಲಿ ಮತ್ತೆ ಲೆಕ್ಕ ಹಾಕಿದವರು, ಅದು ಅಂದುಕೊಂಡಷ್ಟು ಗಟ್ಟಿಯಲ್ಲ ಅಂದರು. ಆ ಸುದ್ದಿ ಯಾರೂ ಅಷ್ಟು ದೊಡ್ಡದಾಗಿ ಹಾಕಲಿಲ್ಲ ಬಿಡಿ. ಹೆದರಿಸುವವರ ಮಾತನ್ನೂ ಹೊಗಳುವವರ ಮಾತಿನಷ್ಟೇ ಸೋಸಿ ತೆಗೆದುಕೊಳ್ಳಬೇಕು.

ವಿಡಿಯೊದಲ್ಲಿ ಇಲ್ಲದ್ದು ಏನು ಅಂದರೆ, ಅದು ಮಗುವನ್ನು ನೋಡುವುದಿಲ್ಲ. 2003ರಲ್ಲಿ ಮಕ್ಕಳು ಭಾಷೆ ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಪಟ್ರೀಷಿಯಾ ಕುಲ್ ಅವರ ತಂಡ 9 ತಿಂಗಳ ಅಮೆರಿಕನ್ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿತು. ಎದುರಿಗೇ ಕೂತು ಓದಿ, ಆಡಿಸಿ, ಮಾತಾಡಿಸಿದಾಗ, ಬರೀ 12 ಸಲಕ್ಕೇ ಮಕ್ಕಳ ಕಿವಿ ಆ ಭಾಷೆಯ ಸದ್ದುಗಳ ವ್ಯತ್ಯಾಸ ಹಿಡಿಯಿತು. ಅದೇ ಜನ, ಅದೇ ಮಾತು, ಪರದೆಯಲ್ಲಿ ತೋರಿಸಿದಾಗ ಏನೂ ಆಗಲಿಲ್ಲ. ಹಾಗಂತ ಪರದೆ ಅಂದ ಕೂಡಲೇ ಎಲ್ಲ ಒಂದೇ ಅಲ್ಲ. ಎರಡು ವರ್ಷ ದಾಟಿದ ಮಕ್ಕಳು ವಿಡಿಯೊ ಕಾಲ್‌ನಲ್ಲಿ ಆ ಕಡೆಯವರು ತಮಗೇ ಉತ್ತರ ಕೊಡುತ್ತಾ ಮಾತಾಡಿದರೆ ಹೊಸ ಪದ ಕಲಿತದ್ದಿದೆ. ಅಜ್ಜಿ ಆ ಕಡೆಯಿಂದ "ಏನೋ ಅದು ಕೈಯಲ್ಲಿ?" ಅಂತಾರೆ, ಮಗು ಕೈ ಎತ್ತಿ ತೋರಿಸುತ್ತದೆ. ಕೆಂಪು ಚೆಂಡು ಅದನ್ನು ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಒಂದು ವರ್ಷದವರೆಗೂ ಪರದೆ ಬೇಡ, ಒಂದು ವರ್ಷದ ಮಗುವಿಗೂ ಬೇಡ, ಎರಡಾದ ಮೇಲೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಓದಲು ಸುಲಭ. ಎಲ್ಲರ ಮನೆಯಲ್ಲೂ ಮಗು ಹಿಡಿದುಕೊಳ್ಳಲು ಇನ್ನೊಂದು ಕೈ ಇರುವುದಿಲ್ಲವಲ್ಲ. ರಾತ್ರಿಯಿಡೀ ನಿದ್ದೆಗೆಟ್ಟ ತಾಯಿ ತಲೆಗೆ ನೀರು ಹಾಕಿಕೊಂಡು ಬರಲು ಹತ್ತು ನಿಮಿಷ ವಿಡಿಯೊ ಹಾಕಿದರೆ ಅವಳನ್ನು ಕಟಕಟೆಗೆ ನಿಲ್ಲಿಸಬೇಡಿ. ನಾನೂ ಎರಡನೆಯವನಿಗೆ ಹಾಕಿದ್ದೇನೆ. ಆದರೆ ಈಗ ನಮ್ಮ ಮನೆಯಲ್ಲಿ ಅದಕ್ಕೆ ಪಾಠ ಅಂತ ಹೆಸರಿಲ್ಲ, "ಅಮ್ಮನ ಹತ್ತು ನಿಮಿಷ" ಅಂತಲೇ ಹೆಸರು. ಪಾಠ ಅಂದುಕೊಂಡಿದ್ದಾಗ ಹತ್ತು ನಿಮಿಷ ನಲವತ್ತಾಗುತ್ತಿತ್ತು, ಒಳ್ಳೆಯದೇ ತಾನೇ ಅಂತ ನಾನೂ ಆರಿಸುತ್ತಿರಲಿಲ್ಲ. ಈಗ ನನ್ನ ಕೆಲಸ ಮುಗಿದ ಕೂಡಲೇ ಆರಿಸುತ್ತೇನೆ. ಅವನು ಒಂದು ನಿಮಿಷ ಅಳುತ್ತಾನೆ, ಆಮೇಲೆ ಡಬ್ಬಿ ಮುಚ್ಚಳ ತಿರುಗಿಸಲು ಹೋಗುತ್ತಾನೆ.

ಇನ್ನೊಂದು ಸಲ ಇದೇ ವಿಷಯ ಎತ್ತಿಕೊಂಡರೆ, ಮಗು ಕಲಿತಿದೆಯಾ ಅಂತ ನಮ್ಮನ್ನು ಕೇಳಬೇಡಿ. ಟಿವಿ ಆರಿಸಿ, ಆ ವಸ್ತುವನ್ನೇ ಮಗುವಿನ ಮುಂದಿಟ್ಟು ಕೇಳಿ ನೋಡಿ ಅಂತ ಹೇಳಿ, ಬಂದ ಉತ್ತರಗಳನ್ನು ಹಾಕಿ. ಅಂದಹಾಗೆ, ಹೋದ ವಾರದ ಅದೇ ಪುಟದ ಕೆಳಗಡೆ ಇಂಥದೇ ಒಂದು ವಿಡಿಯೊ ಸರಣಿಯ ಜಾಹೀರಾತು ಇತ್ತು, "6 ತಿಂಗಳಿನಿಂದ" ಅಂತ ದಪ್ಪಕ್ಷರದಲ್ಲಿ. ಆ 6 ಅನ್ನೋದು ಎಲ್ಲಿಂದ ಬಂತು ಅಂತ ನಿಮ್ಮ ಜಾಹೀರಾತು ವಿಭಾಗದವರನ್ನು ಒಮ್ಮೆ ಕೇಳಿ ನೋಡುತ್ತೀರಾ?

ಇಂತಿ,
ಇಬ್ಬರು ಮಕ್ಕಳ ತಾಯಿ