ಮೊದಲು ಚೆಕಿಂಗ್, ಆಮೇಲೆ ಅಲೈನ್‌ಮೆಂಟ್: ಎಟಿವಿ ಗ್ರಾಹಕರಿಗೆ ಒಂದು ಪತ್ರ

ತೋಟದವರಿಗೆ, ಹೋಮ್‌ಸ್ಟೇಯವರಿಗೆ, ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳು 1ನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಒಂದು ಬದಲಾವಣೆ ಆಗುತ್ತಿದೆ. ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಪಾರ್ಟು), ವೀಲ್ ಸ್ಪೇಸರ್ ಅಥವಾ ದೊಡ್ಡ ಟೈರ್ ಹಾಕಿಸಿದ ಎಟಿವಿ (ತೋಟ, ಗುಡ್ಡದಲ್ಲಿ ಓಡಿಸುವ ನಾಲ್ಕು ಚಕ್ರದ ಹ್ಯಾಂಡಲ್ ಗಾಡಿ) ಅಲೈನ್‌ಮೆಂಟಿಗೆ, ಅಂದರೆ ಚಕ್ರ ನೇರ ಮಾಡಿಸಲು ಬಂದರೆ, ಮೊದಲು ಅದರ ಮುಂಭಾಗವನ್ನು ಪೂರ್ತಿ ಚೆಕ್ ಮಾಡುತ್ತೇವೆ. ಇದಕ್ಕೆ 1,200 ರೂಪಾಯಿ, ಜಿಎಸ್‌ಟಿ ಬೇರೆ. ಎಲ್ಲಾದರೂ ಪ್ಲೇ (ಸಡಿಲ) ಕಂಡರೆ, ಅದು ಸರಿಯಾಗುವ ತನಕ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಂತಿರುವ ಅಳತೆ, ಮುಟ್ಟುವುದಿಲ್ಲ. ಬೆಳಿಗ್ಗೆ ಬಿಟ್ಟು ಸಂಜೆ ತಗೊಂಡು ಹೋಗುವುದೂ ಇನ್ನು ಆಗುವುದಿಲ್ಲ. ಎರಡು ದಿನ ಬೇಕು. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗಳಿಗೆ ಹಳೇ ರೇಟೇ ಇರುತ್ತದೆ.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಈ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇ ಗಾಡಿ ಬಂತು. 2 ಇಂಚು ಲಿಫ್ಟ್ ಮಾಡಿಸಿ, 25 ಇಂಚಿನ ಟೈರ್ ತೆಗೆದು 27 ಇಂಚಿನದು ಹಾಕಿದ್ದರು. ಎಡಕ್ಕೆ ಎಳೆಯುತ್ತದೆ, ಕಲ್ಲು ಹತ್ತಿದರೆ ಹ್ಯಾಂಡಲ್ ಕೈಗೆ ಹೊಡೆಯುತ್ತದೆ ಅಂದರು. ನಾವು ಮೂರು ಸಲ ಟೋ ಸೆಟ್ ಮಾಡಿದೆವು. ಮೂರು ಸಲವೂ ದುಡ್ಡು ತಗೊಂಡೆವು. ನಾಲ್ಕನೇ ಸಲ ಜಾಕ್ ಕೊಟ್ಟು ಚಕ್ರ ಎತ್ತಿ, ಒಬ್ಬರು ಅದರ ಮೇಲೂ ಕೆಳಗೂ ಹಿಡಿದು ಆಡಿಸಿದರು. ಬಾಲ್ ಜಾಯಿಂಟ್ (ಚಕ್ರದ ಕಡೆ ತಿರುಗುವ ಗುಂಡು ಕೀಲು) ಮೇಲೆ ಹೆಬ್ಬೆರಳು ಇಟ್ಟಿದ್ದವರಿಗೆ ಟಕ್ ಅಂತ ತಾಗಿತು. ಅದನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿತ್ತು. ಒಳಗೆ ಗ್ರೀಸ್ ಇರಬೇಕಾದ ಕಡೆ ಕೆಮ್ಮಣ್ಣು ತುಂಬಿತ್ತು. ಅದೇ ಬದಿಯ ಕೆಳಗಿನ ಎ-ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು) ಕೂಡ ಬಾಗಿತ್ತು. ಮೊದಲ ದಿನವೇ ನೋಡಬೇಕಿತ್ತು, ನೋಡಲಿಲ್ಲ. ಆ ಗಾಡಿಯನ್ನು ದಿನಾ ಹೊಸಬರು ಓಡಿಸುತ್ತಾರೆ, ಎಟಿವಿ ಹ್ಯಾಂಡಲ್ ಹಿಡಿಯುವುದೇ ಮೊದಲ ಸಲ ಅನ್ನುವವರು. ಇದನ್ನು ನೆನೆದು ನಮಗೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಮೂರೂ ಬಿಲ್ಲಿನ ದುಡ್ಡು ವಾಪಸ್ ಕೊಟ್ಟಿದ್ದೇವೆ. ಅವರಲ್ಲಿ ಕ್ಷಮೆ ಕೇಳಿದ್ದೇವೆ. ನಿಮ್ಮಲ್ಲೂ ಕೇಳುತ್ತೇವೆ.

ಆದರೆ ಒಂದು ಮಾತನ್ನು ಪದೇ ಪದೇ ಕೇಳುತ್ತಿದ್ದೇವೆ. "ಕಾರಿಗೆ ಮಷೀನಿನಲ್ಲಿ ಅರ್ಧ ಗಂಟೆಯಲ್ಲಿ ಅಲೈನ್‌ಮೆಂಟ್ ಮಾಡಿಕೊಡ್ತಾರೆ. ನೀವು ಟೇಪು, ಸೀಮೆಸುಣ್ಣ ಹಿಡ್ಕೊಂಡು ಎರಡು ದಿನ ಮಾಡ್ತೀರಿ. ಸುಮ್ನೆ ಬಿಲ್ ಏರಿಸೋಕೆ ಅಲ್ವಾ?" ಅಲ್ಲ. ದಯವಿಟ್ಟು ಇದನ್ನು ಪೂರ್ತಿ ಓದಿ.

ಮಷೀನು ನಿಂತ ಗಾಡಿಯನ್ನು ಅಳೆಯುತ್ತದೆ. ಅದನ್ನು ಕಂಪನಿ ಕೊಟ್ಟ ಅಳತೆಗೆ ಹೋಲಿಸುತ್ತದೆ. ಆ ಅಳತೆ ಕಂಪನಿಯ ಎತ್ತರಕ್ಕೆ, ಕಂಪನಿಯ ಟೈರಿಗೆ ಬರೆದದ್ದು. ಗಾಡಿಯನ್ನು 2 ಇಂಚು ಎತ್ತಿದ ಮೇಲೆ ಎ-ಆರ್ಮ್ ಒಂದು ಓರೆಯಲ್ಲಿ, ಟೈ ರಾಡ್ (ಹ್ಯಾಂಡಲ್ ತಿರುಗಿಸಿದಾಗ ಚಕ್ರ ತಿರುಗಿಸುವ ಸರಳು) ಇನ್ನೊಂದು ಓರೆಯಲ್ಲಿ ನಿಲ್ಲಬಹುದು. ಆಗ ಚಕ್ರ ಮೇಲೆ ಕೆಳಗೆ ಹೋದಾಗೆಲ್ಲ ಟೋ ಬದಲಾಗುತ್ತದೆ. ಬಂಪ್ ಸ್ಟಿಯರ್ ಅನ್ನುವುದು ಇದನ್ನೇ. ಸಿಮೆಂಟ್ ನೆಲದ ಮೇಲೆ ಎಲ್ಲ ಸರಿ ಕಾಣುತ್ತದೆ. ತೋಟದ ಗುಂಡಿಗೆ ಇಳಿದ ಕೂಡಲೇ ನೀವು ತಿರುಗಿಸದೆ ಗಾಡಿ ತಾನೇ ತಿರುಗುತ್ತದೆ. ಇದು ಗೊತ್ತಾಗಬೇಕಾದರೆ ಶಾಕ್ ಅಬ್ಸಾರ್ಬರ್ ಬಿಚ್ಚಬೇಕು. ಜಾಕಿನಲ್ಲಿ ಚಕ್ರವನ್ನು ಒಂದೊಂದೇ ಇಂಚು ಎತ್ತಿ, ಪ್ರತಿ ಸಲ ಅಳೆದು ಬರೆಯಬೇಕು. ಎರಡೂ ಬದಿಗೆ ಇಷ್ಟು ಮಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಅದಕ್ಕೂ ಮೊದಲು ಗಾಳಿ. ಎಟಿವಿ ಟೈರಿಗೆ ಸಾಮಾನ್ಯವಾಗಿ 5 ಪಿಎಸ್‌ಐ ಆಸುಪಾಸು ಗಾಳಿ ಇರುತ್ತದೆ. ಅಷ್ಟರಲ್ಲಿ 1 ಪಿಎಸ್‌ಐ ವ್ಯತ್ಯಾಸ ಅಂದರೆ ತುಂಬಾ ಜಾಸ್ತಿ, ಗಾಡಿ ಎಳೆಯಲು ಅದೇ ಸಾಕು. ಪೆಟ್ರೋಲ್ ಬಂಕಿನ ಗೇಜಿನಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಆಮೇಲೆ ಟೇಪು ಸುತ್ತಿ ಎರಡೂ ಟೈರಿನ ಸುತ್ತಳತೆ ನೋಡುತ್ತೇವೆ. ಒಂದೇ ನಂಬರಿನ ಟೈರ್ ಆದರೂ ಸವೆದಾಗ ಒಂದೇ ಅಳತೆ ಇರುವುದಿಲ್ಲ. ಆಮೇಲೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಎ-ಆರ್ಮ್ ಬುಷ್, ವೀಲ್ ಬೇರಿಂಗ್, ಹ್ಯಾಂಡಲ್ ಕೆಳಗಿನ ಕಂಬದ ಬುಷ್.

ಇಷ್ಟಾದ ಮೇಲೇ ಸೀಮೆಸುಣ್ಣ. ಎತ್ತಿದ ಚಕ್ರ ತಿರುಗಿಸುತ್ತಾ ಟೈರಿನ ನಡುವೆ ಗೆರೆ ಎಳೆಯುತ್ತೇವೆ. ರಿಮ್ ಸ್ವಲ್ಪ ಸೊಟ್ಟ ಇದ್ದರೂ ಗೆರೆ ಸರಿಯಾಗಿ ಬೀಳುತ್ತದೆ. ಗಾಡಿ ಇಳಿಸಿ, ಓಡಿಸುವವರ ತೂಕದ ಮರಳು ಮೂಟೆ ಸೀಟಿನ ಮೇಲಿಟ್ಟು, ಸ್ವಲ್ಪ ಮುಂದಕ್ಕೆ ಉರುಳಿಸಿ, ಹ್ಯಾಂಡಲ್ ನೇರ ಕಟ್ಟುತ್ತೇವೆ. ಆಕ್ಸಲ್ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂದೆ ಅಳೆದು, ಚಕ್ರ ಅರ್ಧ ಸುತ್ತು ತಿರುಗುವಷ್ಟು ಗಾಡಿ ಮುಂದಕ್ಕೆ ಉರುಳಿಸಿ, ಅದೇ ಗುರುತುಗಳನ್ನು ಹಿಂದೆ ಅಳೆಯುತ್ತೇವೆ. ಎರಡರ ವ್ಯತ್ಯಾಸವೇ ಟೋ. ತಿದ್ದುವಾಗ ಎರಡೂ ಟೈ ರಾಡನ್ನು ಸಮವಾಗಿ ತಿರುಗಿಸಬೇಕು. ಒಂದೇ ಕಡೆ ತಿರುಗಿಸಿದರೆ ಹ್ಯಾಂಡಲ್ ಸೊಟ್ಟ ನಿಲ್ಲುತ್ತದೆ. ಟೇಪು, ಸೀಮೆಸುಣ್ಣ ಅಂತ ನಮಗೆ ನಾಚಿಕೆ ಇಲ್ಲ. ಸರಿಯಾಗಿ ಹಿಡಿದರೆ ಅದು ಮಿಲಿಮೀಟರ್ ಲೆಕ್ಕದಲ್ಲಿ ನಿಜ ಹೇಳುತ್ತದೆ.

ಇನ್ನು ದುಡ್ಡಿನ ವಿಷಯ. ಜಿಎಸ್‌ಟಿ ಇಳಿಯಿತಲ್ಲ, ನಿಮ್ಮ ರೇಟ್ ಯಾಕೆ ಏರಿತು ಅಂತ ಕೇಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಅವತ್ತಿನಿಂದಲೇ ನಮ್ಮ ಬಿಲ್ಲಿನಲ್ಲಿ ಅಷ್ಟು ಕಡಿಮೆ ಮಾಡಿದ್ದೇವೆ, ಹಳೇ ಬಿಲ್ ಪಕ್ಕದಲ್ಲಿಟ್ಟು ನೋಡಿ. ಕೆಲಸದ ಕೂಲಿಗೆ ಆಗಲೂ 18, ಈಗಲೂ 18. ಬಾಲ್ ಜಾಯಿಂಟ್ ಇಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು. ಕೊರಿಯರ್ ಖರ್ಚು, ಕಾಯುವ ದಿನ ಎರಡೂ ನಮ್ಮ ತಲೆಗೆ ಬರುತ್ತವೆ.

ಸ್ಪೇಸರ್ ಬಗ್ಗೆಯೂ ಹೇಳಲೇಬೇಕು. ಅದು ಚಕ್ರವನ್ನು ಹೊರಕ್ಕೆ ತಳ್ಳುತ್ತದೆ. ಬೇರಿಂಗ್ ಮೇಲೆ, ಬಾಲ್ ಜಾಯಿಂಟ್ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಕಲ್ಲಿನ ಏಟು ಹ್ಯಾಂಡಲಿಗೆ ಜೋರಾಗಿ ಬರುತ್ತದೆ. ಅಲೈನ್‌ಮೆಂಟ್ ಮಾಡಿದರೆ ಇದು ಹೋಗುವುದಿಲ್ಲ. ಹೋಗುತ್ತದೆ ಅಂತ ಹೇಳಿ ದುಡ್ಡು ತಗೊಳ್ಳಲು ನಮಗೆ ಮನಸ್ಸಿಲ್ಲ. ನೀವು ಆನ್‌ಲೈನಿನಲ್ಲಿ ತರಿಸಿದ ಪಾರ್ಟ್ ಹಾಕಿಕೊಡುತ್ತೇವೆ, ಬೇಡ ಅನ್ನುವುದಿಲ್ಲ. ಆದರೆ ಅದು ಒಂದು ತಿಂಗಳಲ್ಲಿ ಸವೆದರೆ ನಮ್ಮ ಕೆಲಸ ಸರಿ ಇಲ್ಲ ಅನ್ನಬೇಡಿ.

ಚೆಕ್ ಮಾಡಿದ ಮೇಲೆ ಎಲ್ಲ ಅಳತೆ ಬರೆದ ಚೀಟಿ ನಿಮ್ಮ ಕೈಗೆ ಕೊಡುತ್ತೇವೆ. ಅದನ್ನು ಬೇರೆ ಯಾವ ಮೆಕ್ಯಾನಿಕ್ ಹತ್ತಿರ ಬೇಕಾದರೂ ತೋರಿಸಿ, ನಮಗೆ ಬೇಜಾರಿಲ್ಲ. ನಾವೇ ರಿಪೇರಿ ಮಾಡಿದ ಮೇಲೆ ಮೂರು ತಿಂಗಳೊಳಗೆ ಮತ್ತೆ ಎಳೆದರೆ, ಎರಡನೇ ಸಲದ ಚೆಕಿಂಗಿಗೆ ಒಂದು ರೂಪಾಯಿಯೂ ಬೇಡ. ತೋಟದ ನಡುವೆ ಗಾಡಿ ನಿಂತರೆ ಮೊದಲಿನ ಹಾಗೇ ಫೋನ್ ಮಾಡಿ. ಹೊತ್ತು ನೋಡಬೇಡಿ, ಬರುತ್ತೇವೆ.

ಗಾಡಿಯನ್ನು ಪಿಕಪ್ಪಿನಲ್ಲೇ ತನ್ನಿ, ಟಾರ್ ರಸ್ತೆಯಲ್ಲಿ ಓಡಿಸಿಕೊಂಡು ಬರಬೇಡಿ. ಬ್ರೇಕ್ ಹಿಡಿದಾಗ ಮಾತ್ರ ಎಳೆಯುತ್ತದೋ, ಯಾವಾಗಲೂ ಎಳೆಯುತ್ತದೋ ನೋಡಿಕೊಂಡು ಬನ್ನಿ. ಬ್ರೇಕಿಗೆ ಮಾತ್ರ ಆದರೆ ನಾವು ಮೊದಲು ನೋಡುವುದು ಬ್ರೇಕನ್ನೇ. ಇನ್ನೊಂದು ವಿಷಯ: ತರುವ ಮೊದಲು ಪ್ರೆಷರ್ ನೀರು ಹೊಡೆಸಬೇಡಿ. ಎಲ್ಲಿ ಗ್ರೀಸ್ ಹೊರಬಂದಿದೆ, ಎಲ್ಲಿ ಕಬ್ಬಿಣ ಉಜ್ಜಿ ಹೊಳೆಯುತ್ತಿದೆ ಅನ್ನುವುದು ಆ ಕೆಸರಿನ ನಡುವೆಯೇ ನಮಗೆ ಕಾಣುವುದು. ತೊಳೆಯುವ ಕೆಲಸ ನಾವೇ ಮಾಡಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ನಿಮ್ಮ ಗ್ಯಾರೇಜಿನವರು