ರಾಣಿ ಬಂದ ದಿನದ ಮೇಣದಬತ್ತಿಗಳು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವಿಕ್ಟೋರಿಯಾ ರಾಣಿಯ ಗಣಿ ಭೇಟಿಯ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯ ಬರೆಯುವವರೇ ಕಮ್ಮಿ, ಓದಿ ಖುಷಿಯಾಯಿತು. ಆದರೆ ರಾಣಿ ಕೇಜಿನಲ್ಲಿ (ಆಳುಗಳನ್ನು ಗಣಿಯೊಳಗೆ ಇಳಿಸುವ ಲಿಫ್ಟಿನಂಥ ಪಂಜರ) ನಿಂತು ಪಾತಾಳಕ್ಕೆ ಇಳಿದರು ಎಂದು ಬರೆದಿದ್ದೀರಿ. ಅದು ತಪ್ಪು.

ಅವರು ಗಂಡ ಆಲ್ಬರ್ಟ್ ಜೊತೆ ಹೋಗಿದ್ದು 1846ರ ಸೆಪ್ಟೆಂಬರ್‌ನಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನ ರೆಸ್ಟಾರ್ಮೆಲ್ ಕಬ್ಬಿಣದ ಗಣಿಗೆ. ಅಲ್ಲಿ ಕೆಳಗೆ ಇಳಿಯುವ ಪ್ರಶ್ನೆಯೇ ಇರಲಿಲ್ಲ, ಸುರಂಗ ಸಮತಟ್ಟಾಗಿ ಒಳಗೆ ಹೋಗುತ್ತಿತ್ತು. ಇಬ್ಬರೂ ಗಣಿಯ ಬಂಡಿಯಲ್ಲಿ ಕುಳಿತರು, ಗಣಿಯಾಳುಗಳು ಎಳೆದುಕೊಂಡು ಹೋದರು. ಬಂಡಿಗೂ ಬಂಡೆಗೂ ನಡುವೆ ಒಬ್ಬರು ಹಾದುಹೋಗುವಷ್ಟೂ ಜಾಗ ಇರಲಿಲ್ಲ, ಕೆಲವು ಕಡೆ ತಲೆ ಎತ್ತುವುದೂ ಕಷ್ಟ ಎಂದು ರಾಣಿಯೇ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಆಲ್ಬರ್ಟ್ ಕೈಯಾರೆ ಒಂದೆರಡು ಚೂರು ಅದಿರು ಒಡೆದರಂತೆ. ಕಲ್ಲು ಗಟ್ಟಿ, ಮಾಮೂಲಿ ದಿನ ಅದನ್ನು ಸಿಡಿಮದ್ದಿಟ್ಟು ಒಡೆಯುತ್ತಿದ್ದರು.

ಅದೇ ದಿನಚರಿಯ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಗಣಿಯಾಳುಗಳು ಸಾಮಾನ್ಯವಾಗಿ ಟೋಪಿಯ ಮುಂದೆ ಒಂದು ಮೇಣದಬತ್ತಿ ಸಿಕ್ಕಿಸಿಕೊಳ್ಳುತ್ತಾರೆ, ಈ ಸಲ ಸುರಂಗದ ಗೋಡೆಯುದ್ದಕ್ಕೂ ಬತ್ತಿ ಹಚ್ಚಿದ್ದರು ಎಂದು ಅವರು ಬರೆಯುತ್ತಾರೆ. ಈ ಸಲ, ಅಂದರೆ ಆ ಒಂದು ದಿನ. ಬೇರೆ ದಿನಗಳಲ್ಲಿ ಕಾರ್ನ್‌ವಾಲ್‌ನ ಗಣಿಯಾಳಿಗೆ ಬೆಳಕು ಅಂದರೆ ಹಸಿಮಣ್ಣಿನ ಉಂಡೆಯಲ್ಲಿ ಟೋಪಿಗೆ ಅಂಟಿಸಿಕೊಂಡ ಆ ಒಂದೇ ಬತ್ತಿ. ಅದರ ದುಡ್ಡನ್ನೂ ಸಿಡಿಮದ್ದಿನ ದುಡ್ಡನ್ನೂ ಅವನ ಗಳಿಕೆಯಲ್ಲೇ ಮುರಿದುಕೊಳ್ಳುತ್ತಿದ್ದರು.

ನಮ್ಮಪ್ಪನೂ ಗಣಿಯಲ್ಲಿ ಕೆಲಸ ಮಾಡಿದವರು. ದೊಡ್ಡವರು ಯಾರಾದರೂ ಬರುವ ಹಿಂದಿನ ದಿನ ಅವರ ಗಣಿಯಲ್ಲಿ ಸುಣ್ಣ ಬಳಿಯುತ್ತಿದ್ದರು, ಹೊಸ ಬಲ್ಬು ಹಾಕುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಆ ಬಲ್ಬುಗಳು ಅಲ್ಲಿ ಇರುತ್ತಿರಲಿಲ್ಲ. ಅಪ್ಪ ಇದನ್ನು ಹೇಳುವಾಗ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಡುತ್ತಿತ್ತು.

ನಿಮ್ಮ ಲೇಖನದ ಕೊನೆಯಲ್ಲಿ ಕಾರ್ನ್‌ವಾಲ್‌ನದೇ ಆದ ಬೊಟಾಲಕ್ ಗಣಿಯ ಪ್ರಸ್ತಾಪವೂ ಇದೆ. 1865ರ ಜುಲೈ 24ರಂದು ರಾಣಿಯ ಮಗ ಎಡ್ವರ್ಡ್ ಮತ್ತು ಸೊಸೆ ಅಲೆಕ್ಸಾಂಡ್ರಾ ಅಲ್ಲಿಗೆ ಬಂದಿದ್ದರು. ಕಡಲ ದಂಡೆಯ ಕಡಿದಾದ ಬಂಡೆಯ ಮೇಲಿದ್ದ ತವರ, ತಾಮ್ರದ ಗಣಿ ಅದು. ಇಳಿಜಾರು ಸುರಂಗದಲ್ಲಿ ಬಂಡಿಯಲ್ಲಿ ಕುಳಿತು ಇಬ್ಬರೂ ಅಟ್ಲಾಂಟಿಕ್ ಸಮುದ್ರದ ಅಡಿಗೆ ಹೋಗಿಬಂದರು. ಯುವರಾಣಿಯ ಧೈರ್ಯವನ್ನು ನೀವು ಹೊಗಳಿದ್ದೀರಿ, ಸರಿಯೇ. ಆದರೆ ಅದೇ ಸುರಂಗದಲ್ಲಿ 1863ರ ಏಪ್ರಿಲ್‌ನಲ್ಲಿ ಬಂಡಿಯ ಸರಪಳಿ ಕಡಿದು ಎಂಟು ಗಂಡಸರೂ ಒಬ್ಬ ಹುಡುಗನೂ ಸತ್ತಿದ್ದರು. ಎರಡು ವರ್ಷವೂ ಮೂರು ತಿಂಗಳೂ ಆಗಿತ್ತು, ಅಷ್ಟೇ. ಅವರ ಜೊತೆಗಾರರು ಆಮೇಲೂ ದಿನಾ ಅದೇ ದಾರಿಯಲ್ಲಿ ಇಳಿಯುತ್ತಿದ್ದರು. ಧೈರ್ಯ ಅವರದ್ದೂ ಅಲ್ವಾ? ನಿಮ್ಮ ಲೇಖನದಲ್ಲಿ ಆ ಒಂಬತ್ತು ಜನರ ಬಗ್ಗೆ ಒಂದು ಸಾಲೂ ಇಲ್ಲ.

ರಾಜಮನೆತನದವರು ಬಂದಿದ್ದನ್ನು ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಗಣಿಯಾಳುಗಳು ಬುದ್ಧಿವಂತರು, ಒಳ್ಳೆಯ ಜನ ಎಂದು ವಿಕ್ಟೋರಿಯಾ ಬರೆದಿದ್ದಾರೆ, ಅದು ಮನಸಾರೆ ಬಂದ ಮಾತು ಎಂದೇ ನಂಬುತ್ತೇನೆ. ಮುಂದೆ ಇದೇ ಕಾರ್ನ್‌ವಾಲ್‌ನಿಂದ ಗಣಿಗಾರರು ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಹಾಗಾಗಿ ಇದು ನಮಗೆ ಸುಮ್ನೆ ದೂರದ ಕಥೆಯೂ ಅಲ್ಲ.

ದಯವಿಟ್ಟು ಕೇಜಿನ ವಿಷಯಕ್ಕೆ ಒಂದು ತಿದ್ದುಪಡಿ ಹಾಕಿ. ನಿಮ್ಮ ಪುರವಣಿಯನ್ನು ಶಾಲೆಯ ಮಕ್ಕಳೂ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಬೊಟಾಲಕ್‌ನ 1865ರ ಭೇಟಿಯನ್ನು ಮುಂದೆ ಯಾವಾಗ ಬರೆದರೂ, ಪಕ್ಕದಲ್ಲೇ 1863ನ್ನೂ ಬರೆಯಿರಿ.

ಇಂತಿ,
ಗಣಿ ಕಾರ್ಮಿಕರೊಬ್ಬರ ಮಗಳು
ಬೆಂಗಳೂರು