ಸೈಟು ಮತ್ತೆ ಎದ್ದು ನಿಂತಿದೆ, ನಿಮ್ಮಿಂದಲೇ

ನಿನ್ನೆ ರಾತ್ರಿ ನಮ್ಮ ನೇಕಾರರ ಸಂಘದ ವೆಬ್‌ಸೈಟಿನ ಎಸ್‌ಎಸ್‌ಎಲ್ ಸರ್ಟಿಫಿಕೇಟು, ಅಂದರೆ ಸೈಟಿನ ಸಂಪರ್ಕ ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವ ಡಿಜಿಟಲ್ ಪತ್ರ, ತಾನಾಗಿಯೇ ಹೊಸದಾಯಿತು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಕೊಡುವ ಆ ಸರ್ಟಿಫಿಕೇಟು 90 ದಿನ ಬಾಳುತ್ತದೆ, 60ನೇ ದಿನಕ್ಕೇ ಬದಲಾಗಲಿ ಅಂತ ಹೊಂದಿಸಿಟ್ಟಿದ್ದೆ. ಅಂದರೆ ಹ್ಯಾಕ್ ಆಗಿ ಬಂದ್ ಆಗಿದ್ದ ಸೈಟು ಮತ್ತೆ ಶುರುವಾಗಿ ಎರಡು ತಿಂಗಳಾಯಿತು. ಆ ಒಂದು ಸಾಲಿನ ಸಂದೇಶ ನೋಡಿ ಕಣ್ಣು ತುಂಬಿ ಬಂತು. ಅವತ್ತೇ ಹೇಳಬೇಕಿದ್ದ ಮಾತು ಇವತ್ತು ಹೇಳುತ್ತಿದ್ದೇನೆ.

ಮೊದಲು ಬೆಟಗೇರಿಯ ಆ ತಂಗಿಗೆ. "ಅಣ್ಣಾ, ಗೂಗಲ್‌ನಾಗ ನಮ್ಮ ಸೀರಿ ಹುಡುಕಿ ಒತ್ತಿದ್ರ ಜೂಜಾಟ ಬರಾಕತ್ತೈತಿ" ಅಂತ ಬೆಳಗ್ಗೆಯೇ ಫೋನ್ ಮಾಡಿದ್ದಳು. ನಾನು ಲ್ಯಾಪ್‌ಟಾಪಿನಲ್ಲಿ ತೆಗೆದರೆ ಎಲ್ಲ ಸರಿಯಾಗೇ ಇತ್ತು. ಹ್ಯಾಕ್ ಮಾಡಿದವರು ಹಾಗೇ ಬರೆದಿದ್ದರು, ಗೂಗಲ್‌ನಿಂದ ಮೊಬೈಲಿನಲ್ಲಿ ಬಂದವರನ್ನು ಮಾತ್ರ ಬೇರೆ ಕಡೆ ಅಟ್ಟಬೇಕು, ಲಾಗಿನ್ ಆದವನಿಗೆ ಏನೂ ಕಾಣಬಾರದು. ತಂಗೀ, ನಿನ್ನ ಫೋನೇ ಕೆಟ್ಟಿದೆ ಅಂದುಕೊಂಡು ನೀನು ಸುಮ್ನೆ ಬಿಟ್ಟಿದ್ದರೆ ಇನ್ನೆಷ್ಟು ದಿನ ಹಾಗೇ ನಡೆಯುತ್ತಿತ್ತೋ.

ತಪ್ಪು ನನ್ನದೇ. ಫೋಟೊ ಗ್ಯಾಲರಿಯ ಒಂದು ಪ್ಲಗಿನ್ (ಸೈಟಿಗೆ ಜೋಡಿಸುವ ಪುಟ್ಟ ತಂತ್ರಾಂಶ) ಎಂಟು ತಿಂಗಳಿಂದ ಅಪ್‌ಡೇಟ್ ಆಗಿರಲಿಲ್ಲ. ದೀಪಾವಳಿ ಆರ್ಡರು ಜಾಸ್ತಿ ಇದ್ದಾಗ ಸೈಟು ಮುಟ್ಟಲು ಹೆದರಿದೆ, ಆಮೇಲೆ ಮರೆತೆ. ಬ್ಯಾಕಪ್ ಇತ್ತು, ಆದರೆ ಅದೂ ಅದೇ ಸರ್ವರಿನಲ್ಲಿತ್ತು, ಅದರೊಳಗೂ ಕೆಟ್ಟ ಕೋಡು ಹೊಕ್ಕಿತ್ತು. ಹೊಸ ಸೀರೆಯ ಫೋಟೊ ಹಾಕಿ, ದರ ತಿದ್ದಿದರೆ ನನ್ನ ಕೆಲಸ ಮುಗಿಯಿತು ಅಂತಲೇ ಇಷ್ಟು ವರ್ಷ ತಿಳಿದಿದ್ದೆ.

ಧಾರವಾಡದ ಗೆಳೆಯ ಅವತ್ತೇ ಬಸ್ಸು ಹತ್ತಿ ಬಂದ. ಮೂರು ತಿಂಗಳ ಹಿಂದೆ ಸೈಟಿನ ಪೂರ್ತಿ ಪ್ರತಿಯೊಂದನ್ನು ತನ್ನ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡಿದ್ದ, ನಾನು ಕೇಳಿರಲೂ ಇಲ್ಲ. ಬಂದವನೇ ಸೈಟು ಬಂದ್ ಮಾಡಿಸಿದ. ಇಂಥದ್ದು ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರಿಂದ ನಿಯಮ ಇದೆ ಅಂತ ಹೇಳಿ ಅದನ್ನೂ ಬರೆಸಿದ. ಎಲ್ಲ ಪಾಸ್‌ವರ್ಡ್ ಬದಲಿಸುವಾಗ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಹುಡುಗನ ಅಡ್ಮಿನ್ ಖಾತೆ ಇನ್ನೂ ಹಾಗೇ ಇದ್ದದ್ದು ಸಿಕ್ಕಿತು. ಅವನದೇನೂ ತಪ್ಪಿಲ್ಲ, ತೆಗೆಯಬೇಕಿದ್ದವನು ನಾನು.

ಗಿರಾಕಿಗಳ ಕಾರ್ಡಿನ ವಿವರ ನಮ್ಮಲ್ಲಿ ಇರುವುದಿಲ್ಲ, ಅದು ಪೇಮೆಂಟ್ ಕಂಪನಿಯ ಹತ್ತಿರ ಇರುತ್ತದೆ. ಆದರೆ ಹೆಸರು, ವಿಳಾಸ, ಫೋನ್ ನಂಬರು ನಮ್ಮ ಸರ್ವರಿನಲ್ಲೇ ಇದ್ದವು. ಹೇಳುವುದೋ ಬೇಡವೋ ಅಂತ ನಾನು ಒದ್ದಾಡುತ್ತಿದ್ದೆ. ಅಧ್ಯಕ್ಷೆ ಅಕ್ಕಾರು ಒಂದೇ ಮಾತು ಅಂದರು, "ನಮ್ಮನ್ನ ನಂಬಿ ವಿಳಾಸ ಕೊಟ್ಟಾರ. ಹೇಳ್ರಿ." ಎಲ್ಲರಿಗೂ ಬರೆದೆವು. ಸಿಟ್ಟಾದವರೂ ಇದ್ದರು, ಆಗಬೇಕಾದ್ದೇ. ಆಮೇಲೂ ಆರ್ಡರ್ ಕೊಟ್ಟ ನಿಮಗೆಲ್ಲ ಕೈಮುಗಿಯುತ್ತೇನೆ.

ಗೆಳೆಯನ ಪ್ರತಿಯಲ್ಲಿ ಇಲ್ಲದ, ಆಮೇಲಿನ ಮೂರು ತಿಂಗಳ ಪುಟಗಳಲ್ಲಿ ಕೆಲವು ವೇಬ್ಯಾಕ್ ಮಷೀನಿನಲ್ಲಿ (ಹಳೆಯ ವೆಬ್ ಪುಟಗಳ ಪ್ರತಿ ಕೂಡಿಡುವ ತಾಣ) ಸಿಕ್ಕವು. ಫೋಟೊಗಳನ್ನು ಸ್ಟುಡಿಯೊದ ಮಾಮಾ ತಮ್ಮ ಹಳೇ ಮೆಮೊರಿ ಕಾರ್ಡುಗಳಿಂದ ಹುಡುಕಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಇನ್ನು ನಮ್ಮ ಕಾಕಾ. ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸಿನ ಊರು ಅಲ್ವಾ, ಕಾಕಾ ಅಲ್ಲೊಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಸಂಘದ ಹಳೆಯ ಬರಹವೆಲ್ಲ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿತ್ತು. ಆ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತದೆ, ಫಾಂಟು ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳೇ ಕಾಣುತ್ತವೆ. ಗೂಗಲ್‌ಗೂ ಸಿಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಆಗದು. ಹೇಗೂ ಎಲ್ಲ ಮತ್ತೆ ಹಾಕಬೇಕಲ್ಲ ಅಂತ ಯೂನಿಕೋಡಿಗೆ ಬದಲಿಸಿದೆ. ಬದಲಿಸುವಾಗ ಅಲ್ಲಲ್ಲಿ ಒತ್ತಕ್ಷರ ಜಾರಿತು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತು. ಕಾಕಾ ಒಂದೊಂದು ಪುಟವನ್ನೂ ಪ್ರಿಂಟ್ ತೆಗೆಸಿಕೊಂಡು, ಕೆಂಪು ಪೆನ್ನಿನಲ್ಲಿ ತಿದ್ದಿ, ಸಂಜೆ ಸಂಘಕ್ಕೆ ತಂದು ಕೊಡುತ್ತಿದ್ದರು. ಮಂಡಿ ನೋವಿದ್ದರೂ ಒಂದು ದಿನ ತಪ್ಪಿಸಲಿಲ್ಲ. ಇಷ್ಟು ಪ್ರೀತಿಯಿಂದ ಆ ಪುಟಗಳನ್ನು ನಾನೂ ಓದಿರಲಿಲ್ಲ.

ಈಗ ಪ್ರತಿ ಶನಿವಾರ ಅಪ್‌ಡೇಟ್ ಹಾಕುತ್ತೇನೆ. ಒಂದು ಪ್ರತಿ ಬೇರೆ ಸರ್ವರಿನಲ್ಲಿ, ಇನ್ನೊಂದು ಸಂಘದ ಕಪಾಟಿನಲ್ಲಿ ಇರುತ್ತದೆ. ಡೊಮೇನ್, ಅಂದರೆ ಸೈಟಿನ ವಿಳಾಸ, ನವೀಕರಿಸುವ ತಾರೀಖನ್ನು ಅಕ್ಕಾರು ಬ್ಯಾಂಕಿನ ಕಂತಿನ ಪಕ್ಕದಲ್ಲೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ.

ಕಾಕಾ, ಇನ್ನು 14 ಪುಟ ಬಾಕಿ ಇವೆ. ನೀವು ನಡೆದು ಬರಬೇಡಿ, ನಾಳೆ ಸಂಜೆ ನಾನೇ ಮನೆಗೆ ತರುತ್ತೇನೆ.